ಗೋಡೆಗೆ ಹಾಕುವ ಗ್ರೀನ್‌ಲ್ಯಾಂಡ್ ನಕ್ಷೆ: ನೆಲ ಬಹಳ ಚೆನ್ನಾಗಿದೆ, ರಾಜಕೀಯ ಹಳಸಿದೆ

ಮೊದಲೇ ಹೇಳಿಬಿಡುತ್ತೇನೆ. ಗ್ರೀನ್‌ಲ್ಯಾಂಡ್ ಹೇಗಿದೆ ಅಂತ ನೋಡೋಕೆ ಈ ನಕ್ಷೆ ಧಾರಾಳವಾಗಿ ತಗೊಳ್ಳಿ. ಆದರೆ ಅಲ್ಲಿ ಯಾರ ಆಡಳಿತ, ಯಾರ ಮಾತು ನಡೆಯುತ್ತೆ ಅಂತ ತಿಳಿಯೋಕೆ ಇದನ್ನು ನಂಬಬೇಡಿ. ಐದಕ್ಕೆ ಮೂರೂವರೆ ಕೊಡುತ್ತೇನೆ. ಕಳೆದ ಒಂದೂವರೆ ಪೂರ್ತಿ ಎರಡನೇ ವಿಷಯಕ್ಕೇ ಹೋಯಿತು.

ಪ್ರಕಾಶಕರ ಹೆಸರು ಹಾಕುತ್ತಿಲ್ಲ. ಇದೇ ತಪ್ಪುಗಳು ಬೇರೆ ಎಷ್ಟೋ ನಕ್ಷೆಗಳಲ್ಲೂ ಇವೆ, ಒಬ್ಬರನ್ನೇ ಹಿಡಿದು ಬಯ್ಯೋದು ಸರಿ ಕಾಣಲ್ಲ. ನೀವು ಯಾವುದೇ ಗ್ರೀನ್‌ಲ್ಯಾಂಡ್ ನಕ್ಷೆ ಕೊಳ್ಳುವಾಗಲೂ ಕೆಳಗೆ ಹೇಳಿರೋ ಜಾಗಗಳನ್ನು ಒಮ್ಮೆ ನೋಡಿಕೊಳ್ಳಿ, ಅಷ್ಟು ಸಾಕು.

ವಸ್ತುವಿನ ಬಗ್ಗೆ ಬೇಗ ಮುಗಿಸುತ್ತೇನೆ. ಗಟ್ಟಿ ರಟ್ಟಿನ ಕೊಳವೆಯಲ್ಲಿ ಸುತ್ತಿ ಕಳಿಸುತ್ತಾರೆ, ಮಡಚಿಲ್ಲ, ಹಾಗಾಗಿ ನಡುವೆ ಗೆರೆ ಬೀಳಲ್ಲ. ಕಾಗದ ದಪ್ಪ ಇದೆ, ಮಿಂಚಲ್ಲ, ಟ್ಯೂಬ್‌ಲೈಟ್ ಕೆಳಗೂ ಓದಬಹುದು. ಸಾಗಾಣಿಕೆ ವೆಚ್ಚ ಮಾತ್ರ ನಕ್ಷೆಯ ಬೆಲೆಗೆ ಪೈಪೋಟಿ ಕೊಡುತ್ತೆ. ಒಂದು ಸೆಂಟಿಮೀಟರ್‌ಗೆ 25 ಕಿ.ಮೀ. ಅಳತೆ. ಗ್ರೀನ್‌ಲ್ಯಾಂಡ್ ಮೇಲಿಂದ ಕೆಳಗೆ ಸುಮಾರು 2,670 ಕಿ.ಮೀ. ಇರೋದರಿಂದ ದ್ವೀಪವೊಂದೇ ಮೀಟರಿಗಿಂತ ಉದ್ದ ಬರುತ್ತದೆ. ಅಂದರೆ ಬಾಗಿಲ ಪಕ್ಕದ ಸಣ್ಣ ಜಾಗದಲ್ಲಿ ಹೇಗೋ ಹಾಕೋಣ ಅಂದುಕೊಂಡರೆ ಆಗಲ್ಲ, ಪೂರ್ತಿ ಗೋಡೆ ಬೇಕು.

ಈಗ ಇದರಲ್ಲಿ ನನಗೆ ನಿಜವಾಗಿ ಇಷ್ಟವಾಗಿದ್ದು. ಗ್ರೀನ್‌ಲ್ಯಾಂಡನ್ನು ನಾವೆಲ್ಲ ನೋಡಿರೋದು ಶಾಲೆಯ ಪ್ರಪಂಚ ನಕ್ಷೆಯಲ್ಲಿ. ಮರ್ಕೇಟರ್ ಅನ್ನೋ ಆ ಹಳೇ ವಿಧಾನದಲ್ಲಿ ಧ್ರುವದ ಕಡೆ ಹೋದಷ್ಟೂ ನೆಲ ಹಿಗ್ಗುತ್ತದೆ, ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜವಾಗಿ ಆಫ್ರಿಕಾ ಅದರ 14 ಪಟ್ಟು ಇದೆ. ಗ್ರೀನ್‌ಲ್ಯಾಂಡ್ 21,66,086 ಚದರ ಕಿ.ಮೀ. ಸಣ್ಣದೇನಲ್ಲ, ಪ್ರಪಂಚದ ಅತಿ ದೊಡ್ಡ ದ್ವೀಪವೇ ಸರಿ, ಆದರೆ ಖಂಡದಷ್ಟಲ್ಲ. ಈ ನಕ್ಷೆ ಮಾಡಿದವರು ಧ್ರುವದ ಕಡೆಯಿಂದ ನೋಡಿದ ಹಾಗೆ ಬರೆದಿದ್ದಾರೆ. ರೇಖಾಂಶಗಳು ಮೇಲೆ ಒಂದೆಡೆ ಸೇರಿ ಕೆಳಗೆ ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುತ್ತವೆ. ಹಾಗಾಗಿ ಉತ್ತರದ ತಲೆ ಊದಿಕೊಂಡಿಲ್ಲ, ದ್ವೀಪಕ್ಕೆ ಅದರ ಸರಿಯಾದ ಆಕಾರ ಬಂದಿದೆ. ಒಂದೇ ತೊಂದರೆ ಅಂದರೆ ಉತ್ತರ ಯಾವ ಕಡೆ ಅನ್ನೋದು ಜಾಗದಿಂದ ಜಾಗಕ್ಕೆ ಸ್ವಲ್ಪ ವಾಲುತ್ತೆ. ಎರಡು ದಿನ ನೋಡಿದರೆ ರೂಢಿಯಾಗುತ್ತೆ.

ದಕ್ಷಿಣ ತುದಿ ಫೇರ್‌ವೆಲ್ ಭೂಶಿರ 59 ಡಿಗ್ರಿ 46 ನಿಮಿಷ ಉತ್ತರ ಅಕ್ಷಾಂಶದಲ್ಲಿದೆ. ಓಸ್ಲೋ ನಗರ ಅದಕ್ಕಿಂತ ಚೂರು ಉತ್ತರಕ್ಕೆ ಬರುತ್ತೆ, ನಂಬೋಕೆ ಕಷ್ಟ ಅಲ್ವಾ. ಉತ್ತರ ತುದಿಯ ಮೋರಿಸ್ ಜೆಸಪ್ ಭೂಶಿರದಿಂದ ಉತ್ತರ ಧ್ರುವ ಸುಮಾರು 710 ಕಿ.ಮೀ. ಮಾತ್ರ. ಅದರಾಚೆ ಸಮುದ್ರದಲ್ಲಿ ಊಡಾಕ್ ಅಂತ ಒಂದು ಚುಕ್ಕೆಯನ್ನೂ ಈ ನಕ್ಷೆಯಲ್ಲಿ ಹಾಕಿದ್ದಾರೆ. ಜಗತ್ತಿನ ಅತ್ಯಂತ ಉತ್ತರದ ದ್ವೀಪ ಯಾವುದು ಅನ್ನೋ ಸ್ಪರ್ಧೆಯಲ್ಲಿ ಇಂಥ ಜಲ್ಲಿಕಲ್ಲಿನ ಚುಕ್ಕೆಗಳು ಬರುತ್ತವೆ, ಹೋಗುತ್ತವೆ. 2021ರಲ್ಲಿ ಸಂಶೋಧಕರು ಇನ್ನೂ ಉತ್ತರಕ್ಕೆ ಒಂದು ಹೊಸ ದ್ವೀಪ ಸಿಕ್ಕಿತು ಅಂದರು, ಮರುವರ್ಷ ಹೋಗಿ ಅಳೆದರೆ ಅದು ಮೇಲೆ ಕಲ್ಲುಮಣ್ಣು ಹೊತ್ತುಕೊಂಡು ತಳಕ್ಕೆ ಸಿಕ್ಕಿಕೊಂಡಿದ್ದ ಮಂಜುಗಡ್ಡೆ! ಹಾಗಾಗಿ ಊಡಾಕ್ ಚುಕ್ಕೆಯ ಪಕ್ಕ ಒಂದು ಪ್ರಶ್ನೆ ಚಿಹ್ನೆ ಹಾಕಿದ್ದರೆ ಚೆನ್ನಾಗಿರುತ್ತಿತ್ತು.

ನಡುವಿನ ಬಿಳಿ ಭಾಗಕ್ಕೆ ಬರೋಣ. ದ್ವೀಪದ ಐದರಲ್ಲಿ ನಾಲ್ಕು ಪಾಲು, ಹತ್ತಿರ ಹತ್ತಿರ 17 ಲಕ್ಷ ಚದರ ಕಿ.ಮೀ., ಹಿಮದ ಹೊದಿಕೆ. ಬಹಳಷ್ಟು ನಕ್ಷೆಗಳಲ್ಲಿ ಅದು ಖಾಲಿ ಬಿಳಿ ಕಾಗದ, ಬರೆಯೋಕೆ ಏನೂ ಇಲ್ಲ ಅಂತ ಸುಮ್ನೆ ಬಿಟ್ಟ ಹಾಗೆ. ಇಲ್ಲಿ ಆ ಬಿಳಿಯ ಮೇಲೆ ತೆಳು ನೀಲಿಯಲ್ಲಿ ಎತ್ತರದ ಗೆರೆಗಳಿವೆ. ಕರಾವಳಿಯಿಂದ ಒಳಗೆ ಬೆರಳಿಟ್ಟು ಸರಿಸುತ್ತಾ ಹೋದರೆ 1,000, 2,000, 3,000 ಮೀಟರ್ ಅಂತ ಏರುತ್ತಾ ಹೋಗುತ್ತವೆ. ಅಂಚಿನಲ್ಲಿ ಗೆರೆಗಳು ಒಂದಕ್ಕೊಂದು ಅಂಟಿಕೊಂಡಿವೆ, ನಡುವೆ ಬಂದಾಗ ಗೇಣು ಗೇಣು ದೂರ. ಅಂದರೆ ಅಂಚಿನಲ್ಲಿ ಕಡಿದು, ಒಳಗೆ ಹೋದ ಮೇಲೆ ಏರು ಗೊತ್ತೇ ಆಗದಷ್ಟು ಸಪಾಟು. ಇದನ್ನು ಬರೀ ಗೆರೆಯಲ್ಲಿ ಇಷ್ಟು ಚೆನ್ನಾಗಿ ತೋರಿಸಿದ ಗೋಡೆ ನಕ್ಷೆ ನಾನು ಬೇರೆ ನೋಡಿಲ್ಲ.

ಕೆಳಗಡೆ ಪಶ್ಚಿಮದಿಂದ ಪೂರ್ವಕ್ಕೆ ಸೀಳಿದ ಹಾಗೆ ಒಂದು ಅಡ್ಡಚಿತ್ರ ಕೊಟ್ಟಿದ್ದಾರೆ. ಅದನ್ನು ನೋಡಿದರೆ ನೆಲದ ನಿಜವಾದ ಆಕಾರ ತಿಳಿಯುತ್ತದೆ. ಸುತ್ತ ಬೆಟ್ಟಗಳ ಏಣು, ನಡುವೆ ತಗ್ಗು, ಆ ತಗ್ಗಿನ ತುಂಬ ಹಿಮ. ನಡುವಲ್ಲಿ ಹಿಮ 3 ಕಿ.ಮೀ.ಗಿಂತ ದಪ್ಪ ಇದೆ, ಅದರ ಭಾರಕ್ಕೇ ಕೆಳಗಿನ ಬಂಡೆ ಕುಸಿದು ಕೆಲವು ಕಡೆ ಸಮುದ್ರ ಮಟ್ಟಕ್ಕಿಂತ ಕೆಳಗೆ ಹೋಗಿದೆ. ಇಷ್ಟೂ ಹಿಮ ಕರಗಿದರೆ ಪ್ರಪಂಚದ ಸಮುದ್ರಗಳು 7 ಮೀಟರಿಗೂ ಹೆಚ್ಚು ಏರುತ್ತವೆ. 2013ರಲ್ಲಿ ರೇಡಾರ್ ಮಾಹಿತಿ ಜೋಡಿಸಿ ನೋಡಿದಾಗ ಹಿಮದ ಕೆಳಗೆ ಉತ್ತರಕ್ಕೆ ಹೋಗುವ 750 ಕಿ.ಮೀ. ಉದ್ದದ ಕಣಿವೆಯೊಂದು ಸಿಕ್ಕಿತು, ಅದನ್ನೂ ಚುಕ್ಕೆ ಗೆರೆಯಲ್ಲಿ ಹಾಕಿದ್ದಾರೆ, ಶಭಾಷ್. ಆದರೆ ಅಡ್ಡಚಿತ್ರದಲ್ಲಿ ಎತ್ತರವನ್ನು ಎಷ್ಟು ಪಟ್ಟು ಹಿಗ್ಗಿಸಿದ್ದೇವೆ ಅಂತ ಎಲ್ಲೂ ಬರೆದಿಲ್ಲ. ನಕ್ಷೆಯ ಅದೇ ಅಳತೆಯಲ್ಲಿ ಬರೆದರೆ 3 ಕಿ.ಮೀ. ಹಿಮ ಬರೀ 1.2 ಮಿಲಿಮೀಟರ್ ಬರಬೇಕು. ಚಿತ್ರದಲ್ಲಿ ಅದು ದೊಡ್ಡ ಗುಡ್ಡದ ಹಾಗಿದೆ. ಹಿಗ್ಗಿಸಲೇಬೇಕು, ಒಪ್ಪುತ್ತೇನೆ, ಇಲ್ಲದಿದ್ದರೆ ಏನೂ ಕಾಣಲ್ಲ. ಆದರೆ ಹೇಳಬೇಕು ತಾನೆ?

ಅತಿ ಎತ್ತರದ ಶಿಖರ ಗುನ್‌ಬ್ಯೋರ್ನ್, 3,694 ಮೀಟರ್, ಪೂರ್ವದ ಅಂಚಿನಲ್ಲಿದೆ. ಸರಿಯಾಗಿ ಹಾಕಿದ್ದಾರೆ.

ಜನ ಇರೋದೆಲ್ಲ ಅಂಚಿನಲ್ಲಿ. ಹಿಮ ಇಲ್ಲದ ನೆಲ ಸುಮಾರು 4,10,000 ಚದರ ಕಿ.ಮೀ., ಅಂದರೆ ಇಡೀ ಜರ್ಮನಿಗಿಂತ ಜಾಸ್ತಿ, ಅದರಲ್ಲಿ ಇರೋ ಜನ 57 ಸಾವಿರದ ಆಸುಪಾಸು. ಮೂರರಲ್ಲಿ ಒಬ್ಬರು ರಾಜಧಾನಿ ನೂಕ್‌ನಲ್ಲೇ ಇದ್ದಾರೆ. ನಕ್ಷೆಯಲ್ಲಿ ಊರುಗಳ ಚುಕ್ಕೆಗಳನ್ನು ನೋಡಿ, ಬಹುತೇಕ ಎಲ್ಲವೂ ಪಶ್ಚಿಮ ಕರಾವಳಿಯಲ್ಲೇ ಸಾಲಾಗಿವೆ. ಯಾಕೆ ಅನ್ನೋದಕ್ಕೆ ಸಮುದ್ರದಲ್ಲಿ ಹಾಕಿರೋ ಬಾಣಗಳು ಉತ್ತರ ಕೊಡುತ್ತವೆ. ಪೂರ್ವದಲ್ಲಿ ಧ್ರುವದ ಕಡೆಯಿಂದ ಮಂಜುಗಡ್ಡೆ ಹೊತ್ತು ತರುವ ತಣ್ಣನೆ ಪ್ರವಾಹ, ಪಶ್ಚಿಮದಲ್ಲಿ ಸ್ವಲ್ಪ ಬೆಚ್ಚಗಿನ ನೀರು ಸೇರಿಕೊಂಡು ಮೇಲಕ್ಕೆ ಹೋಗುವ ಪ್ರವಾಹ. ಅದರಿಂದಾಗಿ ನೂಕ್‌ನಿಂದ ಸಿಸಿಮಿಯುಟ್‌ವರೆಗೆ ಬಂದರುಗಳು ಚಳಿಗಾಲದಲ್ಲೂ ತೆರೆದಿರುತ್ತವೆ. ಸಿಗಡಿ, ಹ್ಯಾಲಿಬಟ್ ಮೀನು ಹಿಡಿಯೋದೇ ದೇಶದ ಮುಖ್ಯ ದುಡಿಮೆ, ರಫ್ತಿನಲ್ಲಿ ಹೆಚ್ಚೂ ಕಡಿಮೆ ಎಲ್ಲವೂ ಮೀನೇ. ಹಾಗಾಗಿ ತೆರೆದ ಬಂದರು ಇಲ್ಲದ ಕಡೆ ಊರು ಬೆಳೆಯೋದು ಕಷ್ಟ. ಪೂರ್ವ ಕರಾವಳಿಯಲ್ಲಿ ಪಟ್ಟಣ ಅನ್ನಬಹುದಾದ ಜಾಗ ಎರಡೇ, ತಾಸಿಲಾಕ್ ಮತ್ತು ಇಟ್ಟೊಕ್ಕೊರ್ಟೂರ್ಮಿಟ್.

ಕೆಲವರು ಈ ನಕ್ಷೆಗೆ ಕಡಿಮೆ ಅಂಕ ಕೊಟ್ಟು "ರಸ್ತೆಗಳನ್ನೇ ತೋರಿಸಿಲ್ಲ" ಅಂತ ದೂರಿದ್ದಾರೆ. ಅಯ್ಯೋ, ರಸ್ತೆ ಇದ್ದರೆ ತಾನೆ ತೋರಿಸೋದು! ಊರಿನೊಳಗೆ ರಸ್ತೆಗಳಿವೆ, ಕಾರುಗಳಿವೆ, ಬಸ್ಸಿದೆ. ಒಂದು ಪಟ್ಟಣದಿಂದ ಇನ್ನೊಂದು ಪಟ್ಟಣಕ್ಕೆ ರಸ್ತೆ ಇಲ್ಲ. ನೂಕ್‌ನಿಂದ ಇಲುಲಿಸ್ಸಾಟ್‌ಗೆ ಈ ನಕ್ಷೆಯ ಮೇಲೆ 22 ಸೆಂಟಿಮೀಟರ್, ಅಂದರೆ ಸುಮಾರು 560 ಕಿ.ಮೀ., ಆದರೆ ನಡುವೆ ಒಂದಾದ ಮೇಲೊಂದು ಫ್ಯೋರ್ಡ್, ಸಮುದ್ರ ಬೆಟ್ಟಗಳ ನಡುವೆ ಹತ್ತಾರು ಮೈಲಿ ಒಳಗೆ ನುಗ್ಗಿದೆ. ವಿಮಾನ, ಹೆಲಿಕಾಪ್ಟರ್, ಹಡಗು, ಚಳಿಗಾಲದಲ್ಲಿ ಉತ್ತರದಲ್ಲಿ ನಾಯಿಗಳು ಎಳೆಯುವ ಜಾರುಬಂಡಿ, ಸ್ನೋಮೊಬೈಲ್. ಇಷ್ಟೇ ದಾರಿ.

ಈ ದಾರಿಗಳನ್ನು ತೋರಿಸುವಲ್ಲಿ ನಕ್ಷೆ ಸ್ವಲ್ಪ ಹಿಂದೆ ಬಿದ್ದಿದೆ. ಕಾಂಗರ್‌ಲುಸ್ಸುವಾಕ್ ಮೇಲೆ ದೊಡ್ಡ ವಿಮಾನದ ಚಿಹ್ನೆ, ನೂಕ್ ಮೇಲೆ ಪುಟ್ಟದು. ಕಾಂಗರ್‌ಲುಸ್ಸುವಾಕ್‌ನದು ಎರಡನೇ ಮಹಾಯುದ್ಧದಲ್ಲಿ ಅಮೆರಿಕದವರು ಕಟ್ಟಿದ ರನ್‌ವೇ. ಬಹಳ ಕಾಲ ಹೊರಗಿನಿಂದ ಬರುವ ದೊಡ್ಡ ವಿಮಾನಗಳು ಅಲ್ಲೇ ಇಳಿದು, ಜನ ಅಲ್ಲಿಂದ ಸಣ್ಣ ವಿಮಾನ ಹತ್ತಿ ರಾಜಧಾನಿಗೆ ಹೋಗಬೇಕಿತ್ತು. 2024ರ ನವೆಂಬರ್ 28ರಂದು ನೂಕ್‌ನಲ್ಲೇ 2,200 ಮೀಟರ್ ರನ್‌ವೇ ಶುರುವಾಯಿತು. ನನ್ನ ಕೈಗೆ ಬಂದ ಆವೃತ್ತಿಯ ಮೂಲೆಯಲ್ಲಿ 2023 ಅಂತಿದೆ, ಹಾಗಾಗಿ ಇದನ್ನು ತಪ್ಪು ಅನ್ನೋಕಾಗಲ್ಲ. ಮುಂದೆ ಹೇಳೋದಕ್ಕೆ ಮಾತ್ರ ಈ ರಿಯಾಯಿತಿ ಇಲ್ಲ.

ಮುನ್ಸಿಪಾಲಿಟಿಗಳ ಗಡಿ ನೋಡಿ. ನಕ್ಷೆಯಲ್ಲಿ ನಾಲ್ಕು ಇವೆ. ಉತ್ತರ ಪಶ್ಚಿಮದಲ್ಲಿ ಕಾಸುಯಿಟ್ಸುಪ್ ಅಂತ ಒಂದು ಭಾರೀ ದೊಡ್ಡದು. ಅದು 2018ರ ಆರಂಭದಲ್ಲೇ ಒಡೆದು ಅವನ್ನಾಟಾ, ಕೆಕರ್ಟಾಲಿಕ್ ಅಂತ ಎರಡಾಯಿತು. ಕುಯಾಲೆಕ್, ಕೆಕ್ಕಾಟಾ, ಸೆರ್ಮರ್‌ಸೂಕ್ ಸೇರಿ ಈಗ ಐದು. 2023ರ "ಹೊಸ ಆವೃತ್ತಿ"ಯಲ್ಲಿ ಐದು ವರ್ಷದ ಹಿಂದೆ ಇಲ್ಲವಾದ ಗಡಿ ಅಂದರೆ, ಹಳೇ ಕಡತವನ್ನೇ ತೆಗೆದು ಇಸವಿ ಬದಲಿಸಿದ್ದಾರೆ, ಅಷ್ಟೇ. ಇದರ ನಡುವೆಯೂ ಸೆರ್ಮರ್‌ಸೂಕ್ ಗಡಿ ಸರಿಯಾಗಿದೆ, ಅದನ್ನು ನೋಡೋದೇ ಒಂದು ಮಜಾ. ಈ ಮುನ್ಸಿಪಾಲಿಟಿ ಪಶ್ಚಿಮದ ನೂಕ್‌ನಿಂದ ಹಿಮವನ್ನು ಅಡ್ಡ ದಾಟಿ ಪೂರ್ವ ಕರಾವಳಿವರೆಗೆ ಹೋಗುತ್ತೆ. ಇಟ್ಟೊಕ್ಕೊರ್ಟೂರ್ಮಿಟ್ ಜನರ ಮುನ್ಸಿಪಾಲಿಟಿ ಕಚೇರಿ ನೇರ ಗೆರೆ ಎಳೆದರೂ 1,400 ಕಿ.ಮೀ. ಆಚೆ! ಈಶಾನ್ಯದ ರಾಷ್ಟ್ರೀಯ ಉದ್ಯಾನ ಇನ್ನೂ ವಿಚಿತ್ರ. 9,72,000 ಚದರ ಕಿ.ಮೀ., ಜಗತ್ತಿನಲ್ಲೇ ನೆಲದ ಮೇಲಿನ ಅತಿ ದೊಡ್ಡ ರಾಷ್ಟ್ರೀಯ ಉದ್ಯಾನ, ಅದು ಯಾವ ಮುನ್ಸಿಪಾಲಿಟಿಗೂ ಸೇರಿಲ್ಲ. ಖಾಯಂ ವಾಸ ಮಾಡುವವರು ಯಾರೂ ಇಲ್ಲ. ಹವಾಮಾನ ಕೇಂದ್ರದವರು, ವಿಜ್ಞಾನಿಗಳು, ಆಮೇಲೆ ನಾಯಿ ಜಾರುಬಂಡಿಯಲ್ಲಿ ಗಸ್ತು ತಿರುಗುವ ಡೆನ್ಮಾರ್ಕ್ ಸೇನೆಯ ಸಿರಿಯಸ್ ದಳ (ಗ್ರೀನ್‌ಲ್ಯಾಂಡಿನ ರಕ್ಷಣೆ ಡೆನ್ಮಾರ್ಕ್ ಕೈಯಲ್ಲಿದೆ). ಇದನ್ನು ಹಸಿರು ಗೀಟಿನಲ್ಲಿ ಚೆನ್ನಾಗಿ ತೋರಿಸಿದ್ದಾರೆ.

ಹ್ಯಾನ್ಸ್ ದ್ವೀಪವನ್ನೂ ಹುಡುಕಿದೆ. ಉತ್ತರ ಪಶ್ಚಿಮದಲ್ಲಿ ಕೆನಡಾದ ಎಲ್ಸ್‌ಮಿಯರ್ ದ್ವೀಪಕ್ಕೂ ಗ್ರೀನ್‌ಲ್ಯಾಂಡ್‌ಗೂ ನಡುವೆ ಸುಮಾರು 35 ಕಿ.ಮೀ. ಅಗಲದ ಜಲಸಂಧಿಯ ಮಧ್ಯೆ ಬರೀ 1.3 ಚದರ ಕಿ.ಮೀ. ಬೋಳು ಬಂಡೆ. ಗ್ರೀನ್‌ಲ್ಯಾಂಡಿನವರು ತಾರ್ತುಪಾಲುಕ್ ಅಂತಾರೆ. 1973ರಲ್ಲಿ ಸಮುದ್ರದ ಗಡಿ ಎಳೆದಾಗ ಇದನ್ನು ಯಾರಿಗೂ ಕೊಡದೆ ಬಿಟ್ಟಿದ್ದರು. ಆಮೇಲೆ ಕೆನಡಾ, ಡೆನ್ಮಾರ್ಕ್ ಎರಡೂ ಕಡೆಯ ಸೈನಿಕರು ಬಂದು ತಮ್ಮ ಧ್ವಜ ನೆಟ್ಟು, ಎದುರಾಳಿಗೆ ಅಂತ ಒಂದು ಬಾಟಲಿ ಮದ್ಯ ಇಟ್ಟು ಹೋಗೋದು ನಡೆದುಕೊಂಡು ಬಂತು. 2022ರ ಜೂನ್‌ನಲ್ಲಿ ಅದನ್ನು ಇಬ್ಭಾಗ ಮಾಡಿಕೊಂಡು ಸಹಿ ಹಾಕಿದರು, ಕೆನಡಾಕ್ಕೂ ಡೆನ್ಮಾರ್ಕ್ ರಾಜ್ಯಕ್ಕೂ ನೆಲದ ಮೇಲೆ ಒಂದು ಗಡಿ ಹುಟ್ಟಿತು. ನಕ್ಷೆಯಲ್ಲಿ? ಇನ್ನೂ "ವಿವಾದಿತ" ಅಂತಿದೆ. ಅಷ್ಟು ಸ್ನೇಹದಲ್ಲಿ ಮುಗಿದ ಜಗಳ ಇವರ ಕಾಗದದ ಮೇಲೆ ಮಾತ್ರ ಬಾಕಿ ಉಳಿದಿದೆ.

ಇವೆಲ್ಲ ಸಣ್ಣಪುಟ್ಟ. ನನಗೆ ಸಿಟ್ಟು ಬಂದಿದ್ದು ಎಡಗಡೆ ಕೆಳಮೂಲೆಯ ಮಾಹಿತಿ ಚೌಕ ನೋಡಿ. ತಲೆಬರಹ "ಗ್ರೀನ್‌ಲ್ಯಾಂಡ್", ಪಕ್ಕದಲ್ಲಿ ಕಂಸದಲ್ಲಿ "ಡೆನ್ಮಾರ್ಕ್". ಬಣ್ಣವೂ ಮೂಲೆಯ ಪುಟ್ಟ ಡೆನ್ಮಾರ್ಕ್‌ಗೆ ಹಚ್ಚಿದ ಅದೇ ತಿಳಿಗೆಂಪು. ಕೆಳಗೆ: "1979ರಿಂದ ಸ್ವಯಮಾಡಳಿತ ಇರುವ ಪ್ರದೇಶ. ಹಣ: ಡ್ಯಾನಿಶ್ ಕ್ರೋನ್. ಯುರೋಪಿಯನ್ ಒಕ್ಕೂಟ: ಹೌದು."

ಹಣ ಸರಿ. ಒಕ್ಕೂಟದ ಮಾತು ಶುದ್ಧ ತಪ್ಪು. 1973ರಲ್ಲಿ ಡೆನ್ಮಾರ್ಕ್ ಆಗಿನ ಯುರೋಪಿಯನ್ ಸಮುದಾಯ ಸೇರಿದಾಗ ಗ್ರೀನ್‌ಲ್ಯಾಂಡ್ ಕೂಡ ಜೊತೆಯಲ್ಲೇ ಹೋಗಬೇಕಾಯಿತು, ಅಲ್ಲಿಯ ಮತದಾರರಲ್ಲಿ ಹೆಚ್ಚಿನವರು ಬೇಡ ಅಂದಿದ್ದರೂ. ಅದರಿಂದ ತಮ್ಮ ಸಮುದ್ರದ ಮೀನಿನ ಮೇಲೆ ಬೇರೆಯವರ ದೋಣಿಗಳಿಗೆ ಹಕ್ಕು ಬಂತು. 1982ರಲ್ಲಿ ಜನಮತ ನಡೆಸಿ, 1985ರ ಫೆಬ್ರುವರಿ 1ರಂದು ಹೊರಬಂದರು. ಬ್ರಿಟನ್ ಹೊರಬರೋದಕ್ಕೆ ಎಷ್ಟೋ ಮೊದಲಿನ ಕಥೆ ಇದು. ಆದರೂ ಅಲ್ಲಿಯ ಜನ ಡೆನ್ಮಾರ್ಕ್ ಪೌರರಾದ್ದರಿಂದ ಒಕ್ಕೂಟದ ಪೌರರೂ ಹೌದು. ಜನ ಒಳಗೆ, ನೆಲ ಹೊರಗೆ. ಗೊಂದಲ ಇದೆ, ಒಪ್ಪೋಣ, ಆದರೆ "ಹೌದು" ಅನ್ನೋ ಒಂದೇ ಪದ ಹಾಕುವ ಮೊದಲು ಯಾರಾದರೂ ಒಮ್ಮೆ ನೋಡಬೇಕಿತ್ತು. ಪ್ರವಾಸ ಹೋಗುವವರಿಗೂ ಇದರಿಂದ ನೇರ ತೊಂದರೆ ಇದೆ. ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪ್ ದೇಶಗಳ ಗುಂಪು, ಅಂದರೆ ಶೆಂಗೆನ್ ವಲಯ, ಅದರಲ್ಲೂ ಗ್ರೀನ್‌ಲ್ಯಾಂಡ್ ಇಲ್ಲ. ವೀಸಾ ಬೇಕಾದ ದೇಶದವರು ಬರೀ ಶೆಂಗೆನ್ ವೀಸಾ ಹಿಡಿದು ಹೊರಟರೆ ಸಾಲದು, ಗ್ರೀನ್‌ಲ್ಯಾಂಡಿಗೂ ಸಲ್ಲುತ್ತದೆ ಅಂತ ಡೆನ್ಮಾರ್ಕ್ ಕಡೆಯಿಂದ ಬೇರೆ ನಮೂದು ಇರಬೇಕು.

ಇನ್ನು "1979ರಿಂದ". ಅದು ಅರ್ಧ ಕಥೆ. 1953ರ ಡೆನ್ಮಾರ್ಕ್ ಸಂವಿಧಾನದವರೆಗೆ ಗ್ರೀನ್‌ಲ್ಯಾಂಡ್ ವಸಾಹತು. ಆಮೇಲೆ ಡೆನ್ಮಾರ್ಕ್‌ನ ಒಂದು ಭಾಗ, ಕೋಪನ್‌ಹೇಗನ್ ಸಂಸತ್ತಿನ 179 ಸ್ಥಾನಗಳಲ್ಲಿ ಅವರಿಗೆ ಎರಡು. 1979ರ ಮೇ 1ಕ್ಕೆ ಹೋಂ ರೂಲ್ ಬಂತು, ತಮ್ಮದೇ ಸಂಸತ್ತು ಬಂತು. ಆದರೆ ಈಗ ನಡೆಯುತ್ತಿರೋದು ಅದಲ್ಲ. 2008ರ ನವೆಂಬರ್‌ನಲ್ಲಿ ಮತ್ತೆ ಜನಮತ, ನಾಲ್ವರಲ್ಲಿ ಮೂವರು ಹೌದು ಅಂದರು, 2009ರ ಜೂನ್ 21ರಿಂದ ಹೊಸ ಸ್ವಯಮಾಡಳಿತ ಕಾಯ್ದೆ. ಅದರಲ್ಲಿ ಗ್ರೀನ್‌ಲ್ಯಾಂಡ್ ಜನರನ್ನು ಅಂತರರಾಷ್ಟ್ರೀಯ ಕಾನೂನಿನ ಪ್ರಕಾರ ಸ್ವಂತ ನಿರ್ಣಯದ ಹಕ್ಕಿರುವ ಜನಾಂಗ ಅಂತ ಒಪ್ಪಲಾಗಿದೆ. ನೆಲದಡಿಯ ಖನಿಜದ ಅಧಿಕಾರ ನೂಕ್‌ಗೆ ಬಂತು. ಗ್ರೀನ್‌ಲ್ಯಾಂಡಿಕ್ ಅಧಿಕೃತ ಭಾಷೆಯಾಯಿತು. ಸ್ವತಂತ್ರ ಆಗಬೇಕಾ ಅನ್ನೋದನ್ನು ಅಲ್ಲಿಯ ಜನರೇ ನಿರ್ಧರಿಸಬೇಕು ಅಂತ 21ನೇ ಕಲಮಿನಲ್ಲಿ ಬರೆದಿದೆ, ಆಮೇಲೆ ಎರಡೂ ಸರ್ಕಾರ ಮಾತುಕತೆ ನಡೆಸಿ, ಗ್ರೀನ್‌ಲ್ಯಾಂಡಿನಲ್ಲಿ ಜನಮತ ತಗೊಂಡು, ಡೆನ್ಮಾರ್ಕ್ ಸಂಸತ್ತಿನ ಒಪ್ಪಿಗೆಯನ್ನೂ ಪಡೆಯಬೇಕು. ಅಂದರೆ ಬಾಗಿಲು ಇದೆ, ದಾರಿಯೂ ಬರೆದಿದೆ.

ಕೋಪನ್‌ಹೇಗನ್ ಬಳಿ ಉಳಿದಿರೋದು ಸಂವಿಧಾನ, ಪೌರತ್ವ, ಸುಪ್ರೀಂ ಕೋರ್ಟ್, ವಿದೇಶಾಂಗ, ರಕ್ಷಣೆ, ಹಣ. ಪೊಲೀಸ್, ನ್ಯಾಯಾಲಯ ಬೇಕಾದಾಗ ವಹಿಸಿಕೊಳ್ಳಬಹುದು ಅಂತಿದ್ದರೂ ಇನ್ನೂ ವಹಿಸಿಕೊಂಡಿಲ್ಲ, ಯಾಕಂದರೆ ವಹಿಸಿಕೊಂಡರೆ ಖರ್ಚೂ ತಮ್ಮದೇ. ಶಾಲೆ, ಆಸ್ಪತ್ರೆ, ಮೀನುಗಾರಿಕೆ, ತೆರಿಗೆ, ಗಣಿ ಎಲ್ಲ ನೂಕ್‌ನದು. 31 ಸ್ಥಾನದ ಇನಾತ್ಸಿಸಾರ್ಟುಟ್ ಸಂಸತ್ತು, ಅದರಿಂದ ಬಂದ ಸರ್ಕಾರ. ಖರ್ಚಿನಲ್ಲಿ ಸುಮಾರು ಅರ್ಧದಷ್ಟು ಡೆನ್ಮಾರ್ಕ್ ಕೊಡುವ ವಾರ್ಷಿಕ ಅನುದಾನದಿಂದ ಬರುತ್ತೆ, ಸ್ವಾತಂತ್ರ್ಯದ ಮಾತು ಬಂದಾಗಲೆಲ್ಲ ಎಲ್ಲರೂ ಬಂದು ನಿಲ್ಲೋದು ಇಲ್ಲೇ. ಖನಿಜದ ಆದಾಯ ವರ್ಷಕ್ಕೆ 7.5 ಕೋಟಿ ಕ್ರೋನ್ ದಾಟಿದರೆ, ದಾಟಿದ್ದರ ಅರ್ಧದಷ್ಟು ಅನುದಾನ ಕಡಿತ ಅಂತ ಕಾಯ್ದೆ ಹೇಳುತ್ತೆ. ಗಣಿ ಅಗೆದರೆ ದುಡ್ಡು ಬರುತ್ತೆ, ಆದರೆ ಎಲ್ಲಿ ಅಗೆಯೋದು? ದಕ್ಷಿಣದ ನಾರ್ಸಾಕ್ ಊರಿನ ಪಕ್ಕದ ಕ್ವಾನ್‌ಫೆಲ್ಡ್‌ನಲ್ಲಿ ಅಪರೂಪದ ಲೋಹಗಳಿವೆ, ಜೊತೆಗೇ ಯುರೇನಿಯಂ. 2021ರ ಚುನಾವಣೆ ಬಹುಪಾಲು ಇದರ ಮೇಲೇ ನಡೆದು, ಬೇಡ ಅಂದ ಪಕ್ಷ ಗೆದ್ದು, ಯುರೇನಿಯಂಗೆ ಕಡಿವಾಣ ಹಾಕುವ ಕಾಯ್ದೆ ತಂದಿತು. ನಕ್ಷೆಯಲ್ಲಿ ಆ ಜಾಗದಲ್ಲಿ ಒಂದು ಸುತ್ತಿಗೆ ಚಿಹ್ನೆ ಮಾತ್ರ ಇದೆ, ಗಣಿ ನಡೆಯುತ್ತಿದೆಯೇನೋ ಅನ್ನೋ ಹಾಗೆ.

ಇನ್ನೊಂದು ಸಂಗತಿ, ಇದು ಯಾವ ನಕ್ಷೆಯಲ್ಲೂ ತೋರಿಸೋಕಾಗಲ್ಲ ಅನ್ನಿ. ಗ್ರೀನ್‌ಲ್ಯಾಂಡಿನಲ್ಲಿ ಯಾರೂ ಜಮೀನು ಕೊಳ್ಳೋಕಾಗಲ್ಲ. ಮನೆ ನಿಮ್ಮದು, ಅದು ನಿಂತಿರೋ ನೆಲ ನಿಮ್ಮದಲ್ಲ, ಬಳಸಿಕೊಳ್ಳುವ ಹಕ್ಕು ಮಾತ್ರ ಸಿಗುತ್ತೆ. ಅಂಥ ದ್ವೀಪವನ್ನೇ ಇಡಿಯಾಗಿ ಕೊಳ್ಳೋಣ ಅಂತ ಅಮೆರಿಕ ಕೇಳಿದೆ, 1946ರಲ್ಲಿ ಟ್ರೂಮನ್ ಸರ್ಕಾರ 10 ಕೋಟಿ ಡಾಲರ್ ಮೌಲ್ಯದ ಚಿನ್ನ ಕೊಡುತ್ತೇವೆ ಅಂದಿತ್ತು, 2019ರಲ್ಲಿ ಟ್ರಂಪ್ ಕೇಳಿದರು, 2025ರಲ್ಲಿ ಇನ್ನೂ ಜೋರಾಗಿ ಕೇಳಿದರು. ಆ ಗಲಾಟೆಯ ನಡುವೆ 2025ರ ಮಾರ್ಚ್ 11ರ ಚುನಾವಣೆಯಲ್ಲಿ ಸ್ವಾತಂತ್ರ್ಯ ನಿಧಾನವಾಗಿ ಬರಲಿ ಅನ್ನೋ ಡೆಮೊಕ್ರಾಟಿಟ್ ಪಕ್ಷ ಮೊದಲ ಸ್ಥಾನಕ್ಕೆ ಬಂತು, ಯೆನ್ಸ್ ಫ್ರೆಡರಿಕ್ ನೀಲ್ಸೆನ್ ಪ್ರಧಾನಿಯಾದರು.

ಅಮೆರಿಕದ ಸೇನಾ ನೆಲೆ ನಕ್ಷೆಯಲ್ಲಿ "ತುಲೆ" ಅಂತಲೇ ಇದೆ. 2023ರ ಏಪ್ರಿಲ್‌ನಲ್ಲಿ ಪಿಟುಫಿಕ್ ಅಂತ ಬದಲಾಯಿತು, ಮುದ್ರಣಕ್ಕೆ ಹೋದ ಮೇಲೆ ಆಗಿದ್ದರೂ ಆಗಿರಬಹುದು, ಬಿಡಿ. 1951ರ ರಕ್ಷಣಾ ಒಪ್ಪಂದದ ಮೇಲೆ ನಿಂತಿರೋ ನೆಲೆ ಅದು. ಅದರ ನೂರಕ್ಕೂ ಹೆಚ್ಚು ಕಿ.ಮೀ. ಉತ್ತರಕ್ಕೆ ಕಾನಾಕ್ ಅನ್ನೋ ಊರಿದೆ ನೋಡಿ, ಎರಡೂ ಚುಕ್ಕೆಗಳ ನಡುವೆ ಬೆರಳಿಟ್ಟರೆ ನಾಲ್ಕೈದು ಸೆಂಟಿಮೀಟರ್. 1953ರಲ್ಲಿ ನೆಲೆಯ ಪಕ್ಕದ ಬೇಟೆಗಾರ ಕುಟುಂಬಗಳನ್ನು ಕೆಲವೇ ದಿನಗಳಲ್ಲಿ ಎಬ್ಬಿಸಿ ಅಷ್ಟು ದೂರ ಕಳಿಸಿದರು. 1999ರಲ್ಲಿ ಡೆನ್ಮಾರ್ಕ್ ಕೋರ್ಟ್ ಅದಕ್ಕೆ ಪರಿಹಾರ ಕೊಡಿಸಿತು. 1968ರಲ್ಲಿ ಇದೇ ನೆಲೆಯ ಹತ್ತಿರ ನಾಲ್ಕು ಅಣುಬಾಂಬ್ ಹೊತ್ತ ಅಮೆರಿಕದ ಬಿ-52 ಯುದ್ಧ ವಿಮಾನ ಸಮುದ್ರದ ಮಂಜಿನ ಮೇಲೆ ಬಿತ್ತು. ಇಷ್ಟೆಲ್ಲ ನಡೆದ ಜಾಗಕ್ಕೆ ಒಂದು ವಿಮಾನದ ಚಿಹ್ನೆ, ಒಂದು ಹಳೇ ಹೆಸರು.

ನಕ್ಷೆ ಅಂದರೆ ಸುಮ್ನೆ ಚಿತ್ರ, ಇಷ್ಟೊಂದು ಯಾಕೆ ಕೆದಕಬೇಕು ಅನ್ನಬಹುದು ನೀವು. ಗ್ರೀನ್‌ಲ್ಯಾಂಡ್ ವಿಷಯದಲ್ಲಿ ಮಾತ್ರ ಹಾಗನ್ನೋಕಾಗಲ್ಲ. ಅಲ್ಲಿ ನಕ್ಷೆಯ ತಪ್ಪಿಗೆ ಜನ ಸತ್ತಿದ್ದಾರೆ. ಅಮೆರಿಕದ ಧ್ರುವ ಅನ್ವೇಷಕ ಪಿಯರಿ ಉತ್ತರದಲ್ಲಿ ಒಂದು ಜಲಮಾರ್ಗ ಇದೆ ಅಂತ ಬರೆದಿದ್ದ. ಅದು ನಿಜವಾಗಿದ್ದರೆ ಉತ್ತರದ ತುಂಡು ಬೇರೆಯೇ ದ್ವೀಪ, ಅದರ ಮೇಲೆ ಬೇರೆ ದೇಶ ಹಕ್ಕು ಹೇಳಬಹುದು. 1906ರಲ್ಲಿ ಹೊರಟ ಡೆನ್ಮಾರ್ಕ್ ತಂಡದ ಮುಖಂಡ ಮೈಲಿಯಸ್ ಎರಿಕ್ಸೆನ್ ಮತ್ತು ಜೊತೆಗಿದ್ದ ಇಬ್ಬರು 1907ರಲ್ಲಿ ವಾಪಸ್ ಬರುವ ದಾರಿಯಲ್ಲಿ ಸತ್ತರು. ಅಂಥ ಜಲಮಾರ್ಗವೇ ಇಲ್ಲ ಅಂತ ಅವರು ಬರೆದಿಟ್ಟ ಚೀಟಿ ಆಮೇಲೆ ಹುಡುಕಿ ಹೋದ ಮಿಕೆಲ್ಸೆನ್‌ಗೆ ಸಿಕ್ಕಿತು. ಡೆನ್ಮಾರ್ಕ್ ತನ್ನ ಕೆರಿಬಿಯನ್ ದ್ವೀಪಗಳನ್ನು ಅಮೆರಿಕಕ್ಕೆ ಮಾರುವಾಗ, 1916ರಲ್ಲಿ, ಇಡೀ ಗ್ರೀನ್‌ಲ್ಯಾಂಡಿನ ಮೇಲೆ ಡೆನ್ಮಾರ್ಕ್ ಹಿಡಿತ ಚಾಚಿದರೆ ತಕರಾರಿಲ್ಲ ಅಂತ ಅಮೆರಿಕದಿಂದ ಬರೆಸಿಕೊಂಡಿತು. 1931ರಲ್ಲಿ ನಾರ್ವೆಯವರು ಪೂರ್ವ ಕರಾವಳಿಯ ಒಂದು ತುಂಡು ನಮ್ಮದು ಅಂದರು, 1933ರ ಏಪ್ರಿಲ್‌ನಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಡೆನ್ಮಾರ್ಕ್ ಪರ ತೀರ್ಪು ಕೊಟ್ಟಿತು. ಅದಕ್ಕೂ ಮೊದಲೇ, 1925ರಲ್ಲಿ, ಇಟ್ಟೊಕ್ಕೊರ್ಟೂರ್ಮಿಟ್ ಊರನ್ನು ದಕ್ಷಿಣದಿಂದ ಜನರನ್ನು ಕರೆತಂದು ನೆಲೆಗೊಳಿಸಿದ್ದಕ್ಕೆ ಈ ನಾರ್ವೆ ಭಯವೂ ಒಂದು ಕಾರಣ. ಹೀಗೆ ಅಲ್ಲಿಯ ಒಂದೊಂದು ಗೆರೆಗೂ ಯಾರೋ ಜಗಳವಾಡಿದ್ದಾರೆ, ಊರು ಬಿಟ್ಟಿದ್ದಾರೆ. ಕಂಸದಲ್ಲಿ "ಡೆನ್ಮಾರ್ಕ್" ಅಂತ ಹಾಕಿ ಕೈ ತೊಳೆದುಕೊಂಡರೆ ಹೇಗೆ?

ಏನು ಮಾಡಬಹುದಿತ್ತು? ಬಹಳ ಕಷ್ಟ ಏನಿಲ್ಲ. ಗ್ರೀನ್‌ಲ್ಯಾಂಡಿಗೆ ಬೇರೆ ಬಣ್ಣ, ಕೆಳಗೆ "ಡೆನ್ಮಾರ್ಕ್ ರಾಜ್ಯದೊಳಗೆ ಸ್ವಯಮಾಡಳಿತ, 2009" ಅಂತ ಒಂದು ಸಾಲು, ಪಕ್ಕದಲ್ಲಿ 1985ರಿಂದ ಅವರದೇ ಆಗಿರುವ ಕೆಂಪು ಬಿಳಿ ಧ್ವಜ. ಅಕಾರಾದಿ ಪಟ್ಟಿಯಲ್ಲೂ ಇದೇ ಅಸಡ್ಡೆ. ನಕ್ಷೆಯ ಮೇಲೆ ಊರಿನ ಹೆಸರು ನೂಕ್, ಇಲುಲಿಸ್ಸಾಟ್ ಅಂತ ಸರಿಯಾಗಿದೆ, ಪಟ್ಟಿಯಲ್ಲಿ ಹುಡುಕಿದರೆ ಗೋಟ್‌ಹಾಬ್, ಯಾಕಬ್ಸ್‌ಹಾವ್ನ್ ಅಂತ ಹಳೇ ಡ್ಯಾನಿಶ್ ಹೆಸರುಗಳು ಮಾತ್ರ. ಸುದ್ದಿಯಲ್ಲಿ ಕೇಳಿದ ಊರನ್ನು ಮಗು ಹುಡುಕಿದರೆ ಸಿಗಲ್ಲ.

ಮಾರಿದವರಿಗೆ ಒಕ್ಕೂಟದ ತಪ್ಪು ಮತ್ತು ಹ್ಯಾನ್ಸ್ ದ್ವೀಪದ ಬಗ್ಗೆ ಬರೆದೆ. ಮುಂದಿನ ಮುದ್ರಣದಲ್ಲಿ ನೋಡುತ್ತೇವೆ ಅಂತ ಒಂದು ಸಾಲಿನ ಉತ್ತರ ಬಂತು, ಯಾವಾಗ ಅಂತ ಹೇಳಿಲ್ಲ.

ಕೊಳ್ಳಬೇಕಾ? ಹಿಮ, ಬೆಟ್ಟ, ಪ್ರವಾಹ, ಊರುಗಳ ಸಾಲು ಒಟ್ಟಿಗೆ ಕಣ್ಣಿಗೆ ಬೀಳಬೇಕು ಅನ್ನೋರಿಗೆ ಹೌದು, ಫೋನಿನಲ್ಲಿ ಎಷ್ಟು ಹಿಗ್ಗಿಸಿ ಕುಗ್ಗಿಸಿದರೂ ಈ ಅನುಭವ ಬರಲ್ಲ. ಶಾಲೆಯ ಗೋಡೆಗೆ ಬೇಕು ಅನ್ನೋರು ಸ್ವಲ್ಪ ಕಾಯಿರಿ. ಈಗಲೇ ಬೇಕೇಬೇಕು ಅಂದರೆ ಎಡ ಕೆಳಮೂಲೆಯ ಚೌಕದ ಮೇಲೆ ಒಂದು ಬಿಳಿ ಕಾಗದ ಅಂಟಿಸಿ ಸರಿಯಾದ ವಿವರ ನೀವೇ ಬರೆಯಿರಿ, ಮುನ್ಸಿಪಾಲಿಟಿ ಗಡಿಗೆ ನುನಾಜಿಸ್ ಅನ್ನೋ ಗ್ರೀನ್‌ಲ್ಯಾಂಡಿನದೇ ಆನ್‌ಲೈನ್ ನಕ್ಷೆ ನೋಡಿಕೊಂಡು ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆಯಿರಿ. ಕಾಗದ ಮಿಂಚದ ಜಾತಿಯದ್ದು, ಶಾಯಿ ಚೆನ್ನಾಗಿ ಹಿಡಿಯುತ್ತೆ.